ಐರನ್-45 ಸಾಯೋದನ್ನ ಕ್ಯಾಮೆರಾದಲ್ಲಿ ಹಿಡಿದವ್ರು

ನ್ಯೂಕ್ಲಿಯರ್ ಫಿಸಿಕ್ಸ್ ಅಂದ್ರೆ ಬರೀ ಗ್ರಾಫು, ಎರರ್ ಬಾರು ಅಂತ ಮೂಗು ಮುರಿಯೋರಿಗೆ ನಾನು ತೋರ್ಸೋದು ಒಂದು ಫೋಟೋ. ಐರನ್-45ರ ಒಂದು ಅಯಾನು (ಎಲೆಕ್ಟ್ರಾನ್ ಕಳ್ಕೊಂಡ ಪರಮಾಣು) ಉದ್ದಕ್ಕೆ ಗೆರೆ ಎಳ್ಕೊಂಡು ಬಂದು ನಿಂತಿದೆ, ನಿಂತ ಜಾಗದಿಂದ ಎರಡು ಪುಟ್ಟ ಗೆರೆ ಬೇರೆಬೇರೆ ಕಡೆ ಚಾಚಿದೆ, ಅಷ್ಟೇ. ಆ ಎರಡೂ ಪ್ರೋಟಾನು.

ಮಾಮೂಲಿ ಕಬ್ಬಿಣದಲ್ಲಿ 26 ಪ್ರೋಟಾನಿಗೆ ಹೆಚ್ಚಾಗಿ 30 ನ್ಯೂಟ್ರಾನ್ ಇರತ್ತೆ, ಐರನ್-45ರಲ್ಲಿ ಬರೀ 19. ಇಷ್ಟು ಕಮ್ಮಿ ಆದ್ರೆ ಪ್ರೋಟಾನ್ ಹಿಡ್ಕೊಳ್ಳೋಕಾಗಲ್ಲ, ಆದ್ರೆ ಮಜಾ ಏನಂದ್ರೆ ಜೋಡಿ ಮುರಿದು ಒಂದನ್ನ ಮಾತ್ರ ಕಳ್ಸೋಕೆ ಎನರ್ಜಿ ಸಾಲಲ್ಲ, ಹೋದ್ರೆ ಎರಡೂ ಒಟ್ಟಿಗೇ ಹೋಗ್ಬೇಕು. ಸೋವಿಯತ್ ವಿಜ್ಞಾನಿ ಗೋಲ್ಡಾನ್ಸ್ಕಿ ಇದನ್ನ 1960ರಲ್ಲೇ ಹೇಳಿದ್ರು, ಕಂಡಿದ್ದು ಮಾತ್ರ 2002ರಲ್ಲಿ, ಜರ್ಮನಿಯ ಜಿಎಸ್ಐ ಮತ್ತೆ ಫ್ರಾನ್ಸಿನ ಗಾನಿಲ್ ಲ್ಯಾಬುಗಳಲ್ಲಿ. ಅದೂ ಅರ್ಧಂಬರ್ಧ, ಯಾಕಂದ್ರೆ ಎರಡೂ ಪ್ರೋಟಾನ್ ಸಿಲಿಕಾನ್ ಡಿಟೆಕ್ಟರ್ ಒಳಗೇ ನಿಂತುಬಿಡ್ತಿದ್ವು, ಒಟ್ಟು ಎನರ್ಜಿ ಸಿಗ್ತಿತ್ತು, ಯಾವುದು ಯಾವ ಕಡೆ ಹೋಯ್ತು ಅಂತ ಕೇಳಂಗಿಲ್ಲ.

ಪೋಲೆಂಡಿನ ವಾರ್ಸಾ ಯೂನಿವರ್ಸಿಟಿಯ ಫ್ಯೂಟ್ಸ್ನರ್, ಡೊಮಿನಿಕ್, ಮಿಯರ್ನಿಕ್ ಇವ್ರ ಟೀಮು ಸಿಲಿಕಾನ್ ಬಿಟ್ಟು ಗ್ಯಾಸ್ ಹಿಡೀತು. ಡಬ್ಬೀಲಿ ಹೀಲಿಯಂ, ಆರ್ಗಾನ್, ಒಂಚೂರು ನೈಟ್ರೋಜನ್, ಒಂಚೂರು ಮೀಥೇನ್. ಪ್ರೋಟಾನ್ ಹಾದ ದಾರೀಲಿ ಕಿತ್ತುಬಂದ ಎಲೆಕ್ಟ್ರಾನುಗಳು ಎಲೆಕ್ಟ್ರಿಕ್ ಫೀಲ್ಡಲ್ಲಿ ಒಂದೇ ಸ್ಪೀಡಲ್ಲಿ ಕೊನೇವರೆಗೆ ತೇಲ್ಕೊಂಡು ಹೋಗ್ತವೆ, ಅಲ್ಲಿ ಹೈ ವೋಲ್ಟೇಜಿಗೆ ಸಿಕ್ಕಿ ಎಷ್ಟೋ ಪಟ್ಟು ಹೆಚ್ಚಾಗಿ ಗ್ಯಾಸಿಂದ ಬೆಳಕು ಹೊರಡಿಸ್ತವೆ, ಅದನ್ನ ಗಾಜಿನ ಆಚೆಯಿಂದ ಸಿಸಿಡಿ ಕ್ಯಾಮೆರಾ ಹಿಡಿಯತ್ತೆ. ಕ್ಯಾಮೆರಾಗೆ ಆಳ ಗೊತ್ತಾಗಲ್ವಲ್ಲ? ಅದಕ್ಕೇ ಪಕ್ಕದಲ್ಲಿ ಫೋಟೋಮಲ್ಟಿಪ್ಲೈಯರ್ ಅನ್ನೋ ಬೆಳಕಿನ ಸೆನ್ಸರು, ಬೆಳಕು ಯಾವ ಕ್ಷಣದಲ್ಲಿ ಎಷ್ಟು ಬಂತು ಅಂತ ಬರ್ಕೊಳ್ಳತ್ತೆ, ದೂರದ ಎಲೆಕ್ಟ್ರಾನ್ ಲೇಟಾಗಿ ಬರೋದ್ರಿಂದ ಟೈಮೇ ಆಳ ಆಗೋಗತ್ತೆ. ಎರಡೂ ಸೇರಿಸಿದ್ರೆ ಪೂರ್ತಿ 3ಡಿ ದಾರಿ. ನನಗಂತೂ ಇಡೀ ಸೆಟಪ್ಪಲ್ಲಿ ಇದೇ ಸಖತ್ ಇಷ್ಟವಾದ ಐಡಿಯಾ, ಸಾವಿರಾರು ಎಲೆಕ್ಟ್ರಾನಿಕ್ ಚಾನೆಲ್ಲಿನ ಗೋಜೇ ಇಲ್ಲ.

ಈ ಡಬ್ಬೀನ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ ಲ್ಯಾಬಿಗೆ ಒಯ್ದು ನಿಕಲ್-58 ಬೀಮ್ (ಜೋರಾಗಿ ಹಾರೋ ಅಯಾನುಗಳ ಧಾರೆ) ಒಡೆದು ಬಂದ ಐರನ್-45ನ ಗ್ಯಾಸಲ್ಲಿ ನಿಲ್ಸಿದ್ರು. ಒಂದು ಅಯಾನು ಬಂತಾ, ತಕ್ಷಣ ಬೀಮ್ ಆಫ್, ಕ್ಯಾಮೆರಾ ತೆರೆದೇ ಇರತ್ತೆ, ಐರನ್-45ರ ಹಾಫ್ ಲೈಫೇ (ಅರ್ಧದಷ್ಟು ಸಾಯೋಕೆ ಬೇಕಾದ ಟೈಮು) ಮೂರು ಮಿಲಿಸೆಕೆಂಡಿಗಿಂತ ಕಮ್ಮಿ ಆದ್ರಿಂದ ಕಾಯೋ ತಲೆನೋವಿಲ್ಲ. 2007ರಲ್ಲಿ ರಿಸಲ್ಟ್ ಬಂತು. ಪ್ರೋಟಾನುಗಳು ಅಂಟ್ಕೊಂಡೇ ಬಂದು ಆಮೇಲೆ ಬೇರೆ ಆಗ್ತವೆ ಅನ್ನೋ ಸಿಂಪಲ್ ಚಿತ್ರ ಕೂತ್ಕೊಳ್ಳಲಿಲ್ಲ, ಎರಡು ಪ್ರೋಟಾನ್ ಮತ್ತೆ ಉಳಿದ ನ್ಯೂಕ್ಲಿಯಸ್ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕೋ ಥಿಯರಿಗೆ ಪ್ರೋಟಾನುಗಳ ನಡುವಿನ ಕೋನಗಳು ಸರಿಯಾಗಿ ಹೊಂದಿದ್ವು.

2011ರಲ್ಲಿ ಇದೇ ತರ ನಿಕಲ್-48 ಮಾಡಿದಾಗ ಸಿಕ್ಕಿದ್ದು ಆರೇ ಆರು ಡಿಕೇ (ನ್ಯೂಕ್ಲಿಯಸ್ ಒಡೆದು ಸಾಯೋದು), ಅದ್ರಲ್ಲಿ ನಾಲ್ಕು ಎರಡು-ಪ್ರೋಟಾನಿಂದು. ಬರೀ ಕೌಂಟರ್ ತೋರ್ಸಿ ನಾಲ್ಕು ಅಂದಿದ್ರೆ ನಾನೇ ನಂಬ್ತಿರ್ಲಿಲ್ಲ, ಆದ್ರೆ ಒಂದೊಂದಕ್ಕೂ ಫೋಟೋ ಇದೆ, ಯಾರು ಏನಂತಾರೆ? ಇನ್ನು ಆ ಐರನ್-45ರ ಫೋಟೋಗಳನ್ನ ಜಾಲಾಡ್ತಾ ಹೋದ್ರೆ ಕೆಲವದ್ರಲ್ಲಿ ಬೀಟಾ ಡಿಕೇ (ಒಂದು ಪ್ರೋಟಾನು ನ್ಯೂಟ್ರಾನ್ ಆಗೋದು) ಆದ್ಮೇಲೆ ಒಂದೇ ಸಲ ಮೂರು ಪ್ರೋಟಾನ್ ಹಾರಿದ್ದೂ ಇತ್ತು, ಅಲ್ಲೀವರೆಗೂ ಅದನ್ನ ಯಾರೂ ಕಂಡಿರ್ಲಿಲ್ಲ.