ಕಿವಿ ಮುಚ್ಚಿಕೊಂಡು ಮಾರುಕಟ್ಟೆಯಲ್ಲಿ

ಶ್ರವಣದೋಷವುಳ್ಳವರ ದೈನಂದಿನ ಪಾಡನ್ನು ಸ್ವಲ್ಪವಾದರೂ ತಿಳಿಯಬೇಕೆಂದು, ಕಿವಿಗಳಿಗೆ ಸ್ಪಂಜಿನ ಇಯರ್‌ಪ್ಲಗ್ ತುರುಕಿ, ಅದರ ಮೇಲೆ ಕಾರ್ಖಾನೆಗಳಲ್ಲಿ ಬಳಸುವ ಇಯರ್‌ಮಫ್ ಧರಿಸಿ, ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಇವೆರಡೂ ಸೇರಿ ತಗ್ಗಿಸುವ ಶಬ್ದ ಸುಮಾರು 30ರಿಂದ 40 ಡೆಸಿಬಲ್ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕಿವುಡುತನವೆಂದರೆ ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟ. ನನ್ನ ಕಿವಿಗೆ ತಗ್ಗಿದ ಅಷ್ಟು ಶಬ್ದಕ್ಕೇ ಹೂವಿನಾಕೆ ಮಲ್ಲಿಗೆಯ ಮಾರಿಗೆ ಹೇಳಿದ್ದು ಇಪ್ಪತ್ತೋ ಎಪ್ಪತ್ತೋ ತಿಳಿಯದಾಯಿತು. ತುಟಿ ನೋಡಿ ಊಹಿಸೋಣವೆಂದರೆ ಪ, ಬ, ಮ ಮೂರೂ ಒಂದೇ ತೆರನಾಗಿ ಕಾಣುತ್ತವೆ, ಕ ಮತ್ತು ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣಿಸುವುದೇ ಇಲ್ಲ. ಆಕೆ ಬುಟ್ಟಿಯತ್ತ ಬಾಗಿದೊಡನೆ ಆ ಊಹೆಗೂ ಆಸ್ಪದವಿರಲಿಲ್ಲ.

ನನ್ನ ಧ್ವನಿ ಮಾತ್ರ ತಲೆಯೊಳಗೆ ಮೊಳಗುತ್ತಿತ್ತು. ಅದು ಕಿವಿ ಮುಚ್ಚಿದ್ದರ ಪರಿಣಾಮವೇ ಹೊರತು ಒಳಕಿವಿಯ ದೋಷದ ಲಕ್ಷಣವಲ್ಲ. ಅಂತಹ ದೋಷವಿರುವವರಿಗೆ ಅನೇಕ ವೇಳೆ ಶಬ್ದ ಕೇಳಿಸಿದರೂ ಮಾತು ಕಲಸಿಹೋಗಿರುತ್ತದೆ, ಆದ್ದರಿಂದ ಅವರೆದುರು ಕಿರುಚುವುದರಿಂದ (ನಮ್ಮ ಮನೆಗಳಲ್ಲಿ ಅಜ್ಜಂದಿರೊಡನೆ ಮಾಡುವುದು ಅದನ್ನೇ) ಅಷ್ಟೇನೂ ಉಪಯೋಗವಿಲ್ಲ. ಇನ್ನು ಭಾರತೀಯ ಸಂಜ್ಞಾ ಭಾಷೆಯಲ್ಲೇ ಹರಟುತ್ತ, ಜಗಳವಾಡುತ್ತ ಬೆಳೆದವರ ಬದುಕನ್ನು ಈ ಪ್ರಯೋಗ ಮುಟ್ಟುವುದೇ ಇಲ್ಲ. ಶಾಲೆಗಳಲ್ಲಿ ಇದನ್ನು ನಡೆಸುವವರು ಕಿವುಡರೊಬ್ಬರನ್ನು ಕರೆಸಿ, ದುಭಾಷಿಯ ನೆರವಿನಿಂದ ಮಕ್ಕಳೇ ಅವರನ್ನು ಪ್ರಶ್ನಿಸುವಂತೆ ಮಾಡಿದರೆ ಹೆಚ್ಚು ತಿಳಿಯುತ್ತದೆಂದು ನನಗನ್ನಿಸುತ್ತದೆ.