ಅಂಗಡಿ ಕಿಟಕಿಯಲ್ಲಿ ಆಸ್ಕರ್

ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರನಿಗೆ ಕೈಮುಗಿದು, ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದಾದ ಮೇಲೆ ಪಿಟ್ಸ್‌ಬರ್ಗಿಗೆ ಬಂದ ನಮ್ಮವರು ಎರಡೇ ದಾರಿ ಹಿಡಿಯುತ್ತಾರೆ. ಒಂದು ಮನೆಗೆ, ಇನ್ನೊಂದು ನಯಾಗರಕ್ಕೆ. ನಾನು ಮಗಳಿಗೆ "ಇಂಡಿಯಾನಾಕ್ಕೆ ಹೋಗೋಣ" ಅಂದೆ.

"ಅಪ್ಪಾ, ಅದಕ್ಕೆ ಒಂದು ಪೂರ್ತಿ ರಾಜ್ಯ ದಾಟಬೇಕು."

ಅವಳು ಹೇಳಿದ್ದು ಇಂಡಿಯಾನಾ ರಾಜ್ಯ. ನಾನು ಹೇಳಿದ್ದು ಪೆನ್ಸಿಲ್ವೇನಿಯಾದಲ್ಲೇ ಇರುವ ಇಂಡಿಯಾನಾ ಎಂಬ ಪುಟ್ಟ ಊರು. ಪಿಟ್ಸ್‌ಬರ್ಗಿನಿಂದ ಸುಮಾರು 90 ಕಿಲೋಮೀಟರ್. ಅಲ್ಲೊಂದು ವಿಶ್ವವಿದ್ಯಾಲಯ ಬೇರೆ ಇದೆ, ಅದರ ಹೆಸರು ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಹೆಸರು ಕೇಳಿದವರ ಗೊಂದಲ ಅದರಿಂದ ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನನಗೆ ಆ ಊರಿನ ಹುಚ್ಚು ಹಿಡಿದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ಹಿಚ್‌ಕಾಕ್‌ನ 'ರಿಯರ್ ವಿಂಡೋ' ನೋಡಿದೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಸಿನಿಮಾ ಪೂರ್ತಿ ಗಾಲಿಕುರ್ಚಿಯಲ್ಲೇ ಕೂತು ಎದುರುಮನೆಗಳ ಕಿಟಕಿ ನೋಡುವ ಮನುಷ್ಯ. ಎರಡು ಗಂಟೆ ಹೊತ್ತು ಬರೀ ಕಣ್ಣಲ್ಲೇ ನಮ್ಮನ್ನು ಹಿಡಿದು ಕೂರಿಸಿದ ಆ ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ ಹುಟ್ಟಿದ್ದು ಈ ಊರಿನಲ್ಲಿ, 1908ರ ಮೇ 20ರಂದು.

ಡಿಸೆಂಬರ್ ಮೊದಲ ಶನಿವಾರ. ಸಾಲ್ಟ್ಸ್‌ಬರ್ಗ್ ಮೇಲೆ ಹಾದುಹೋಗುವ 286ನೇ ರಸ್ತೆ ಹಿಡಿದೆವು. ಇದು ಕಲ್ಲಿದ್ದಲ ಸೀಮೆ. ಏರಿ, ಇಳಿದು, ಮತ್ತೆ ಏರುವ ರಸ್ತೆ. ಎದುರಿಗೆ ಬರುವ ಗಾಡಿಗಳ ತಲೆಯ ಮೇಲೆಲ್ಲ ಹಗ್ಗ ಬಿಗಿದ ಹಸಿರು ಮರ. ಇಂಡಿಯಾನಾ ಕೌಂಟಿ ತನ್ನನ್ನು ಜಗತ್ತಿನ ಕ್ರಿಸ್‌ಮಸ್ ಮರಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಗುಡ್ಡದ ಇಳಿಜಾರಿನಲ್ಲಿ ಸಾಲು ಹಿಡಿದು ನಿಂತ ಮರಗಳನ್ನು ನೋಡುವಾಗ ನನಗೆ ಮಲೆನಾಡಿನ ಅಕೇಶಿಯಾ ಪ್ಲಾಂಟೇಶನ್ ನೆನಪಾಯಿತು. ಮಗಳಿಗೆ ಹೇಳಲಿಲ್ಲ. ಅವಳು ಅದನ್ನು ಸುಂದರ ಅಂದುಕೊಂಡಿದ್ದಳು.

ಊರಿನ ಮುಖ್ಯ ಬೀದಿಯ ಹೆಸರು ಫಿಲಡೆಲ್ಫಿಯಾ ಸ್ಟ್ರೀಟ್. ಕೋರ್ಟಿನ ಮುಂದೆ ಸ್ಟೀವರ್ಟ್‌ನ ಕಂಚಿನ ಪ್ರತಿಮೆ. 1983ರಲ್ಲಿ, ಅವನ 75ನೇ ಹುಟ್ಟುಹಬ್ಬದ ದಿನ, ಅವನ ಎದುರಲ್ಲೇ ಅನಾವರಣವಾದದ್ದು. ಇದರ ಹಿಂದೊಂದು ತಮಾಷೆಯಿದೆ. ಕಂಚಿನದು ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ಆವತ್ತಿಗೆ ಫೈಬರ್‌ಗ್ಲಾಸಿನ ಪ್ರತಿಮೆ ನಿಲ್ಲಿಸಿ ಸಮಾರಂಭ ಮುಗಿಸಿದರು. ನಮ್ಮೂರಿನಲ್ಲಾದರೂ ಇನ್ನೇನು ಮಾಡುತ್ತಿದ್ದರು!

ಪ್ರತಿಮೆಗೆ ಬೆನ್ನು ಹಾಕಿ ನಾನು ಹುಡುಕಿದ್ದು ಅಂಗಡಿಯನ್ನು. ಜೆ. ಎಂ. ಸ್ಟೀವರ್ಟ್ ಅಂಡ್ ಕಂಪನಿ, ಹಾರ್ಡ್‌ವೇರ್ ವ್ಯಾಪಾರಿಗಳು. ಜೆ. ಎಂ. ಎಂದರೆ ತಾತ. ಮೊಮ್ಮಗನಿಗೂ ಅದೇ ಹೆಸರು, ಜೇಮ್ಸ್ ಮೇಟ್ಲಂಡ್. ಹೆಸರಿನ ಜೊತೆಗೆ ಅಂಗಡಿಯೂ ಅವನಿಗೇ ಬರಲಿ ಎನ್ನುವುದು ಅಪ್ಪ ಅಲೆಕ್ಸಾಂಡರನ ಆಸೆ. ಈಗ ಆ ಜಾಗದಲ್ಲಿ ಬ್ಯಾಂಕಿನ ಕಟ್ಟಡ ನಿಂತಿದೆ. ಮೊಳೆ, ಚಿಲಕ, ಹಗ್ಗ, ಬಣ್ಣದ ಡಬ್ಬಿ ಏನೂ ಇಲ್ಲ. ಗಾಜಿನಲ್ಲಿ ಕಂಡದ್ದು ನನ್ನ ಮಂಗನ ಟೋಪಿ ಮಾತ್ರ.

ನನಗೆ ಈ ಮನುಷ್ಯನ ಬದುಕೆಲ್ಲ ಈ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ಇದೆ ಅನ್ನಿಸುತ್ತದೆ. ನನ್ನ ಸೋದರಮಾವ ಕಬ್ಬಿಣದ ಅಂಗಡಿ ಇಟ್ಟಿದ್ದರು. ಉದ್ರಿ ಪುಸ್ತಕದ ಮಹಿಮೆ ಏನೆಂದು ಹತ್ತಿರದಿಂದ ಬಲ್ಲೆ. ಒಮ್ಮೆ ಸ್ಟೀವರ್ಟ್ ಅಂಗಡಿಗೆ ಯಾವನೋ ಗಿರಾಕಿ ಬಾಕಿ ತೀರಿಸಲಾಗದೆ ಹಣದ ಬದಲು ಒಂದು ಹಳೇ ಅಕಾರ್ಡಿಯನ್ ತಂದಿಟ್ಟ. ಅಲೆಕ್ಸಾಂಡರ್ ಅದನ್ನೇ ಜಮಾ ಮಾಡಿಕೊಂಡ. ಊರಿನ ಕ್ಷೌರಿಕನೊಬ್ಬ ಹುಡುಗನಿಗೆ ಅದನ್ನು ನುಡಿಸಲು ಕಲಿಸಿದ. ಪ್ರಿನ್ಸ್‌ಟನ್‌ನಲ್ಲಿ ವಾಸ್ತುಶಿಲ್ಪ ಓದಲು ಹೋದವನು ಅಲ್ಲಿನ ನಾಟಕ ತಂಡಕ್ಕೆ ಸೇರುವಾಗ ಕೈಯಲ್ಲಿದ್ದದ್ದು ಈ ವಾದ್ಯ. 1932ರಲ್ಲಿ ಪದವಿ. ಆಗ ಅಮೆರಿಕದಲ್ಲಿ ಕಟ್ಟಡ ಕಟ್ಟಿಸುವವರೇ ಇಲ್ಲದಂಥ ಆರ್ಥಿಕ ಕುಸಿತ. ಮೆಸಾಚುಸೆಟ್ಸ್‌ನ ಕಡಲ ತೀರದಲ್ಲಿ ಬೇಸಿಗೆ ನಾಟಕ ಆಡುತ್ತಿದ್ದ ಯೂನಿವರ್ಸಿಟಿ ಪ್ಲೇಯರ್ಸ್ ತಂಡಕ್ಕೆ ಹೋದ. ಅಲ್ಲಿಂದ ನ್ಯೂಯಾರ್ಕ್. ಬ್ರಾಡ್‌ವೇಯಲ್ಲಿ ಪೊಲೀಸ್, ಕಾರು ಚಾಲಕ ಇಂಥ ಚಿಲ್ಲರೆ ಪಾತ್ರಗಳು. ಹೆನ್ರಿ ಫೋಂಡಾ ಜೊತೆ ಒಂದೇ ಕೋಣೆಯಲ್ಲಿ ವಾಸ. 1934ರ 'ಯೆಲ್ಲೋ ಜ್ಯಾಕ್' ನಾಟಕದ ಸೈನಿಕನ ಪಾತ್ರ ಕೈಹಿಡಿಯಿತು. ಮರುವರ್ಷ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಕರೆಯಿತು.

1941ರ ಫೆಬ್ರವರಿಯಲ್ಲಿ 'ದ ಫಿಲಡೆಲ್ಫಿಯಾ ಸ್ಟೋರಿ'ಗೆ ಆಸ್ಕರ್ ಬಂತು. ನಡುರಾತ್ರಿ ಕಳೆದ ಮೇಲೆ ಅಪ್ಪ ಫೋನ್ ಮಾಡಿ, ಏನೋ ಬಹುಮಾನ ಬಂತಂತಲ್ಲ, ಊರಿಗೆ ಕಳಿಸು, ಅಂಗಡಿ ಕಿಟಕಿಯಲ್ಲಿಡೋಣ ಎಂದನಂತೆ. ಮಗ ಕಳಿಸಿಯೂ ಬಿಟ್ಟ. ಮುಂದೆ ಎರಡು ದಶಕ ಹಾಲಿವುಡ್ಡಿನ ಆ ಚಿನ್ನದ ಬೊಂಬೆ ಈ ಬೀದಿಯಲ್ಲಿ, ಹಾರ್ಡ್‌ವೇರ್ ಸಾಮಾನಿನ ನಡುವೆ, ಹೋಗಿಬರುವವರನ್ನು ನೋಡುತ್ತ ನಿಂತಿತ್ತು. ಮೆಚ್ಚಿಕೊಳ್ಳದ ಅಪ್ಪನ ಹೆಮ್ಮೆ ಹೇಗಿರುತ್ತದೆ ಎಂದು ಕನ್ನಡದ ಅಪ್ಪಂದಿರಿಗೆ ಹೇಳಿಕೊಡಬೇಕಿಲ್ಲ. ಇದೇ ಅಪ್ಪ 1959ರಲ್ಲಿ 'ಅನಾಟಮಿ ಆಫ್ ಎ ಮರ್ಡರ್' ಬಂದಾಗ, ಅತ್ಯಾಚಾರದ ಮೊಕದ್ದಮೆಯ ಆ ಕೊಳಕು ಸಿನಿಮಾ ಯಾರೂ ನೋಡಬೇಡಿ ಎಂದು ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟನೆಂಬ ಕತೆಯೂ ಇದೆ. ಆ ಸಿನಿಮಾಕ್ಕೆ ಮಗನಿಗೆ ಮತ್ತೊಮ್ಮೆ ಆಸ್ಕರ್ ನಾಮನಿರ್ದೇಶನವಾಯಿತು.

ವಸ್ತುಸಂಗ್ರಹಾಲಯ ಇರುವುದು ಅದೇ ಬೀದಿಯಲ್ಲಿ, ಕೋರ್ಟಿನ ಮಗ್ಗುಲಿಗೆ, ಊರಿನ ಗ್ರಂಥಾಲಯದ ಮೂರನೇ ಮಹಡಿಯಲ್ಲಿ. 1995ರಲ್ಲಿ ತೆರೆದದ್ದು. ಸ್ಟೀವರ್ಟ್ ತೀರಿಕೊಂಡದ್ದು ಎರಡು ವರ್ಷ ಆದಮೇಲೆ. ಕೆಳಗೆ ಮಕ್ಕಳು ಪುಸ್ತಕ ಎಳೆದು ಹರಡಿಕೊಂಡಿದ್ದವು. ಮೇಲೆ ಹಳೇ ಪೋಸ್ಟರುಗಳು, ಸಮವಸ್ತ್ರ, ಫೋಟೋಗಳು, ಒಂದು ಪುಟಾಣಿ ಚಿತ್ರಮಂದಿರ. ಅದರಲ್ಲಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಓಡುತ್ತಿತ್ತು. ಡಿಸೆಂಬರಿನಲ್ಲಿ ಬೇರೇನು ಓಡೀತು? 1946ರಲ್ಲಿ ಬಂದಾಗ ದುಡ್ಡು ಮಾಡದ ಚಿತ್ರವದು. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸುವುದನ್ನು ಯಾರೋ ಮರೆತರು. ಪುಕ್ಕಟೆ ಸಿಕ್ಕಿತೆಂದು ಟಿವಿ ವಾಹಿನಿಗಳು ಪ್ರತಿ ಕ್ರಿಸ್‌ಮಸ್‌ಗೂ ಹಾಕಿ ಹಾಕಿ, ಅದು ಇಡೀ ದೇಶದ ಹಬ್ಬದ ಅಡುಗೆಯಂತಾಯಿತು.

ಆ ಚಿತ್ರದಲ್ಲಿ ನಾಯಕ ಸೇತುವೆಯ ಮೇಲೆ ಕುಸಿದು ಅಳುವಾಗ, ಅದು ಯುದ್ಧದಿಂದ ಬಂದ ಮುಖ ಎನ್ನುವುದು ನೆನಪಿರಬೇಕು. ಆಸ್ಕರ್ ಬಂದು ತಿಂಗಳೂ ಕಳೆದಿರಲಿಲ್ಲ, ಮಾರ್ಚ್ 22ಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ. ಅದಕ್ಕೆ ಮುಂಚೆ ತೂಕ ಸಾಲದೆಂದು ಒಮ್ಮೆ ವಾಪಸು ಕಳಿಸಿದ್ದರು. ಆರಡಿ ಮೂರಂಗುಲದ ಕಡ್ಡಿ ಆಸಾಮಿ! ವಿಮಾನ ಹಾರಿಸುವುದು ಮೊದಲೇ ಗೊತ್ತಿತ್ತು. 1943ರ ಕೊನೆಗೆ ಇಂಗ್ಲೆಂಡಿನ ಟಿಬೆನ್‌ಹ್ಯಾಮ್‌ಗೆ ಹೋಗಿ, ಬಿ-24 ಬಾಂಬರುಗಳ ತುಕಡಿ ಮುನ್ನಡೆಸಿ, ಜರ್ಮನಿ ಮತ್ತು ಅದರ ಹಿಡಿತದಲ್ಲಿದ್ದ ನಾಡುಗಳ ಮೇಲೆ 20 ಬಾರಿ ಹಾರಿದ. ಹೋಗುವ ಮುಂಚೆ ಅಪ್ಪ ಬೈಬಲ್ಲಿನ 91ನೇ ಕೀರ್ತನೆ ಇಟ್ಟು ಕಾಗದ ಬರೆದಿದ್ದ. ಎದುರು ಕೂತು ಹೇಳಲಾಗದ್ದನ್ನು ಕಾಗದದಲ್ಲಿ ಬರೆದ. 1945ರಲ್ಲಿ ಕರ್ನಲ್ ಆಗಿ ಊರಿಗೆ ಬಂದಾಗ 'ಲೈಫ್' ಪತ್ರಿಕೆಯವರು ಇಲ್ಲಿಗೇ ಬಂದು ಫೋಟೋ ತೆಗೆದರು.

ನಾನು ಹೆಚ್ಚು ಹೊತ್ತು ನಿಂತದ್ದು 'ಹಾರ್ವೀ' ಚಿತ್ರಗಳ ಮುಂದೆ. ಮೇರಿ ಚೇಸ್ ಬರೆದ, ಪುಲಿಟ್ಜರ್ ಬಂದ ನಾಟಕ. ಎಲ್ವುಡ್ ಡೌಡ್ ಎಂಬ ಸಜ್ಜನ ಕುಡುಕನಿಗೆ ಆರಡಿ ಮೂರೂವರೆ ಇಂಚಿನ ಮೊಲವೊಂದು ಜೊತೆಗಾರ. ಮೊಲ ಬೇರೆಯವರಿಗೆ ಕಾಣದು. 1947ರ ಬೇಸಿಗೆಯಲ್ಲಿ ಬ್ರಾಡ್‌ವೇಯ ನಟ ಫ್ರ್ಯಾಂಕ್ ಫೇ ರಜೆ ಹಾಕಿದಾಗ ಬದಲಿಗೆ ಹೋದ ಸ್ಟೀವರ್ಟ್, ಆಮೇಲೆ ಆ ಪಾತ್ರವನ್ನು ಬಿಡಲೇ ಇಲ್ಲ. 1950ರಲ್ಲಿ ಸಿನಿಮಾ, 1970ರಲ್ಲಿ ಹೆಲೆನ್ ಹೇಯ್ಸ್ ಜೊತೆ ಮತ್ತೆ ಬ್ರಾಡ್‌ವೇ, 1975ರಲ್ಲಿ ಲಂಡನ್. ಫೋಟೋದಲ್ಲಿ ನೋಡಿ: ಅವನು ಖಾಲಿ ಗಾಳಿಯನ್ನು ನೋಡುತ್ತಿಲ್ಲ, ತುಸು ಮೇಲೆ, ಒಂದು ನಿರ್ದಿಷ್ಟ ಎತ್ತರಕ್ಕೆ ನೋಡುತ್ತಿದ್ದಾನೆ. ಅಲ್ಲಿ ಯಾರಿಗೋ ಜಾಗ ಬಿಟ್ಟು ನಿಂತಿದ್ದಾನೆ. ಸ್ಟೀವರ್ಟ್ ಏನೂ ನಟಿಸುವುದಿಲ್ಲ, ತಾನು ಹೇಗಿದ್ದಾನೋ ಹಾಗೇ ಬಂದು ನಿಲ್ಲುತ್ತಾನೆ ಎನ್ನುವವರಿಗೆ ಈ ಒಂದು ಫೋಟೋ ತೋರಿಸಿ ನಾನು ಸುಮ್ಮನಾಗುತ್ತೇನೆ.

ಅದೇ 1950ರಲ್ಲಿ 'ವಿಂಚೆಸ್ಟರ್ 73'ಕ್ಕೆ ಅವನ ಸಂಭಾವನೆ ಕೊಡಲು ಯೂನಿವರ್ಸಲ್ ಸ್ಟುಡಿಯೋ ಹಿಂಜರಿಯಿತು. ಹಾಗಾದರೆ ಸಂಬಳ ಬೇಡ, ಲಾಭದಲ್ಲಿ ಪಾಲು ಕೊಡಿ ಎಂಬ ಒಪ್ಪಂದವಾಯಿತು. ಕುದುರಿಸಿದ್ದು ಅವನ ಏಜೆಂಟ್ ಲ್ಯೂ ವಾಸರ್‌ಮನ್. ಚಿತ್ರ ಗೆದ್ದು, ಸ್ಟೀವರ್ಟ್ ಹಣವಂತನಾದ; ಹಾಲಿವುಡ್ಡಿನ ವ್ಯವಹಾರದ ರೀತಿಯೇ ಬದಲಾಯಿತು. ನಗದು ಇಲ್ಲದವನಿಂದ ಅಕಾರ್ಡಿಯನ್ ಇಸಿದುಕೊಂಡ ಅಂಗಡಿಯ ಹುಡುಗನಿಗೆ ಇದು ಹೊಸ ಲೆಕ್ಕವೇನಲ್ಲ.

"ಇಂಡಿಯಾಗೂ ಇವನಿಗೂ ಏನಾದರೂ ನಂಟಿದೆಯಾ?" ಎಂದು ಮಗಳು ಕೇಳಿದಳು. ಇದೆ, ಆದರೆ ಸ್ವಲ್ಪ ಮಾನಗೆಟ್ಟ ನಂಟು. 1959ರಲ್ಲಿ ನೇಪಾಳದ ಪಾಂಗ್‌ಬೋಚೆ ಬೌದ್ಧ ಮಠದಲ್ಲಿದ್ದ 'ಯೇತಿಯ ಕೈ'ಯಿಂದ, ಅಂದರೆ ಹಿಮಮಾನವನದೆಂದು ನಂಬಿದ್ದ ಕೈಯಿಂದ, ಒಂದು ಬೆರಳನ್ನು ಪೀಟರ್ ಬರ್ನ್ ಎಂಬ ಶೋಧಕ ಹೊರಗೆ ತಂದ. ಆಗ ಕಲ್ಕತ್ತೆಯಲ್ಲಿದ್ದ ಸ್ಟೀವರ್ಟ್ ದಂಪತಿ, ಹೆಂಡತಿ ಗ್ಲೋರಿಯಾಳ ಒಳಉಡುಪಿನ ಪೆಟ್ಟಿಗೆಯಲ್ಲಿ ಅದನ್ನು ಅಡಗಿಸಿ ಲಂಡನ್ನಿಗೆ ಸಾಗಿಸಿದರು. 2011ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದರೆ, ಅದು ಮನುಷ್ಯನ ಬೆರಳು! ಮಗಳು ನಕ್ಕ ಸದ್ದಿಗೆ ಬಾಗಿಲ ಬಳಿ ಕೂತಿದ್ದ ಅಜ್ಜಿ ಕನ್ನಡಕದ ಮೇಲಿಂದ ನೋಡಿದರು.

ಹೊರಗೆ ಬರುವ ಹೊತ್ತಿಗೆ ಹಿಮ ಶುರುವಾಗಿತ್ತು. ವಿನೆಗರ್ ಹಿಲ್ ಎಂಬ ದಿಬ್ಬದ ಮೇಲೆ ಅವನು ಬೆಳೆದ ಮನೆಯಿದೆ, ಹತ್ತಲು ಮೆಟ್ಟಿಲಿವೆ. ಅರ್ಧ ಹತ್ತಿ ನನ್ನ ಮಂಡಿ ಬೇಡ ಎಂದಿತು. ಈಗ ಬೇರೆ ಯಾರದೋ ಮನೆ; ಹೋಗಿದ್ದರೂ ಗೇಟಿನ ಹೊರಗೇ ನಿಲ್ಲಬೇಕಿತ್ತು. ಅಲ್ಲಿಂದಲೇ ಕೆಳಗೆ ಬೀದಿ ನೋಡಿದೆ. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

ಕೆಳಗಿಳಿದು ಸಿಗ್ನಲ್ಲಿನ ಗುಂಡಿ ಒತ್ತಿದೆವು. ಕಣ್ಣು ಕಾಣದವರಿಗೆಂದು ಇಲ್ಲಿ ಧ್ವನಿ ಸಿಗ್ನಲ್ ಇಟ್ಟಿದ್ದಾರೆ. ಅದು ಮಾತಾಡುವುದು ಸ್ಟೀವರ್ಟ್ ದನಿಯಲ್ಲಿ, ಅನುಕರಣ ಕಲಾವಿದನೊಬ್ಬ ಮಾಡಿದ್ದು. ಅದೇ ಎಳೆತ, ಅದೇ ತಡವರಿಕೆ, ಹೇಳಲೋ ಬೇಡವೋ ಎಂಬ ಅದೇ ಅನುಮಾನ. ಪಾಪ, ಅವನು ರಸ್ತೆ ದಾಟಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಮಗಳು ದಾಟಿ ಆಚೆ ನಿಂತು, ಪಾರ್ಕಿಂಗ್ ಮೀಟರಿನ ಹೊತ್ತು ಮುಗಿಯಿತು ಬೇಗ ಬಾ ಎಂದು ಕೈಬೀಸುತ್ತಿದ್ದಳು. ನಾನು ಇನ್ನೊಮ್ಮೆ ಗುಂಡಿ ಒತ್ತಿದೆ.