ಅಕ್ಕನ ಮದುವೆ ಪಟ್ಟಿ, ನನ್ನ ಟರ್ಮ್ ಪೇಪರ್

ನಾಲ್ಕನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಮತ್ತು ಅಲ್ಗಾರಿದಮ್ಸ್ ವಿಷಯಕ್ಕೆ ಟರ್ಮ್ ಪೇಪರ್ ಬರೆಯಬೇಕಿತ್ತು. ಹತ್ತು ಪುಟ, 20 ಮಾರ್ಕ್ಸ್. ನಾನು ಸಾರ್ಟಿಂಗ್, ಅಂದರೆ ಪಟ್ಟಿಯನ್ನು ಕ್ರಮವಾಗಿ ಹೊಂದಿಸುವ ವಿಧಾನಗಳನ್ನು, ಆರಿಸಿಕೊಂಡೆ. ಸುಲಭ ಅನ್ನಿಸಿತು, ಅಷ್ಟೇ.

ಮೊದಲ ಸಲ ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟೆ. ಮರ್ಜ್‌ಸಾರ್ಟ್ (ಅರ್ಧರ್ಧ ಹೊಂದಿಸಿ ಬೆಸೆಯುವುದು) ಜಾನ್ ವಾನ್ ನಾಯ್ಮನ್ 1945ರಲ್ಲಿ ಬರೆದದ್ದು, ಕ್ವಿಕ್‌ಸಾರ್ಟ್ (ಒಂದನ್ನು ಆರಿಸಿ, ಚಿಕ್ಕದ್ದು ಒಂದು ಪಕ್ಕ ದೊಡ್ಡದ್ದು ಇನ್ನೊಂದು ಪಕ್ಕ ಮಾಡುತ್ತಾ ಹೋಗುವುದು) ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ್ದು, ಯಾವುದು ಎಷ್ಟು ವೇಗ ಅನ್ನುವ ಟೇಬಲ್. ಟೇಬಲ್ ಮಾತ್ರ ನೆಟ್ಟಿನಿಂದ ಎತ್ತಿದ್ದು. ಎರಡು ದಿನ ಬಿಟ್ಟು ಸರ್ ನಮ್ಮ ಕ್ಲಾಸಿನ ಮೂವರನ್ನು ಒಟ್ಟಿಗೆ ಕರೆದರು. "ಮೂರೂ ಜನರ ಲ್ಯಾಪ್‌ಟಾಪ್ ಬೇರೆ ಬೇರೆ. ಟೈಮ್ ಮಾತ್ರ ಮಿಲಿಸೆಕೆಂಡ್ ಸಮೇತ ಒಂದೇ ಬಂದಿದೆಯಲ್ಲ, ಹೇಗಪ್ಪಾ?" ಅಂದರು. ಉತ್ತರ ಏನು ಕೊಡೋದು! ಹತ್ತು ದಿನ ಟೈಮ್ ಕೊಟ್ಟು ಕಳಿಸಿದರು.

ಆ ಹತ್ತು ದಿನದಲ್ಲೇ ಅಕ್ಕನ ಮದುವೆ ಕಾರ್ಡ್ ಹಂಚುವ ಕೆಲಸವೂ ಇತ್ತು. ಊರಿಗೆ ಹೋದೆ. ನಮ್ಮದು ಗದಗ ಜಿಲ್ಲೆ, ರೋಣದ ಹತ್ತಿರ. ಅಪ್ಪ ಒಂದು ಹಳೇ ಲೆಕ್ಕದ ಬುಕ್ಕು ಕೈಗಿಟ್ಟರು. ಅದರಲ್ಲಿ 1,200 ಹೆಸರು. "ಇದನ್ನ ಕಂಪ್ಯೂಟರ್‌ನ್ಯಾಗ ಹಾಕಿ ಊರ ಪ್ರಕಾರ ತೆಗದು ಕೊಡು ತಮ್ಮಾ. ಬಸ್ಸಿನ ದಾರಿ ಹಿಡಿದು ಹಂಚಾಕ ಬರತೈತಿ." ನನಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ಪೇಪರ್‌ಗೆ ಬೇಕಾದ ಡೇಟಾ ಮನೆಯಲ್ಲೇ ಸಿಕ್ಕಿತಲ್ಲ!

ಎರಡು ರಾತ್ರಿ ಕೂತು ಬುಕ್ಕಿನಲ್ಲಿದ್ದ ಹಾಗೆಯೇ ಟೈಪ್ ಮಾಡಿದೆ. ಪೈಥಾನ್‌ನಲ್ಲಿ ನಾನೇ ಬರೆದ ಕ್ವಿಕ್‌ಸಾರ್ಟ್ ಕೊಟ್ಟು ಊರಿನ ಹೆಸರಿನ ಮೇಲೆ ಹೊಂದಿಸಿ, ಪ್ರಿಂಟ್ ತೆಗೆದು ಕೊಟ್ಟೆ. ಅಪ್ಪ ಕನ್ನಡಕ ಏರಿಸಿ ನರೇಗಲ್ಲಿನ ಪುಟ ನೋಡಿದರು. ಮುಖ ಗಂಟಾಯಿತು.

"ಅಲ್ಲೋ, ಅಜ್ಜಾರ ಹೆಸರು ಬಿಟ್ಟು ಮೊಮ್ಮಗನ್ನ ಮೇಲೆ ಕುಂದ್ರಿಸಿಯಲ್ಲ! ಈ ಪಟ್ಟಿ ಹಿಡಕೊಂಡು ಹ್ವಾದ್ರ ನನ್ನ ಒಳಗ ಬಿಟ್ಕೋತಾರೇನು?"

ಬುಕ್ಕಿನಲ್ಲಿ ಪ್ರತಿ ಊರಿನ ಹಿರಿಯರು ಮೊದಲು, ಆಮೇಲೆ ಉಳಿದವರು. ಕಾರ್ಡ್ ಕೊಡುವುದೂ ಅದೇ ಕ್ರಮದಲ್ಲಿ. ಕ್ವಿಕ್‌ಸಾರ್ಟ್ ಊರುಗಳನ್ನೇನೋ ಸರಿಯಾಗಿ ಹೊಂದಿಸಿತ್ತು. ಆದರೆ ಒಂದೇ ಊರಿನವರನ್ನು ಆ ಕಡೆ ಈ ಕಡೆ ಎಸೆದಿತ್ತು. 'ಕ್ವಿಕ್‌ಸಾರ್ಟ್ ಸ್ಟೇಬಲ್ ಅಲ್ಲ' ಅಂತ ಮೊದಲ ಡ್ರಾಫ್ಟ್‌ನಲ್ಲಿ ನಾನೇ ಬರೆದಿದ್ದೆ. ಒಂದೇ ಊರಿನವರ ಮೊದಲಿನ ಕ್ರಮ ಉಳಿಸುವುದಿಲ್ಲ ಅಂತ ಅರ್ಥ. ಬಾಯಿಪಾಠದ ಸಾಲು ಅದು.

ಅಪ್ಪ ಕಾಯಲಿಲ್ಲ. ಪಡಸಾಲೆಯಲ್ಲಿ ಕೂತು, ಬುಕ್ಕಿನ ಕ್ರಮದಲ್ಲೇ ಹೆಸರು ಬರೆದಿಟ್ಟಿದ್ದ ಕಾರ್ಡುಗಳನ್ನು ಊರಿಗೊಂದು ಗುಂಪು ಮಾಡತೊಡಗಿದರು. ನಾನೂ ಸಹಾಯಕ್ಕೆ ಕೂತೆ. ಸೂಡಿಯ ಗುಂಪಿನ ಮೇಲೆ ಒಂದು ಕಾರ್ಡ್ ಇಟ್ಟೆ. "ಮ್ಯಾಲ ಇಡಬ್ಯಾಡ, ಉಲ್ಟಾ ಆಗತೈತಿ. ಅಡಿಗೆ ಸೇರಸು" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಮೇಲೆ ಇಟ್ಟರೆ ಸ್ಟ್ಯಾಕ್, ಕೊನೆಗೆ ಬಂದದ್ದು ಮೊದಲು. ಅಡಿಗೆ ಸೇರಿಸಿದರೆ ಕ್ಯೂ, ಮೊದಲು ಬಂದದ್ದೇ ಮೊದಲು. ಊರಿಗೊಂದು ಕ್ಯೂ ಇದ್ದರೆ ಅದು ಬಕೆಟ್ ಸಾರ್ಟ್, ಅದೂ ಸ್ಟೇಬಲ್. ಒಂದು ಹೆಸರನ್ನು ಇನ್ನೊಂದರ ಜೊತೆ ಹೋಲಿಸುವ ಕೆಲಸವೇ ಇಲ್ಲ. ಒಂದು ಸೆಮಿಸ್ಟರ್ ಓದಿದ್ದು ಪಡಸಾಲೆಯಲ್ಲಿ ಹರಡಿಕೊಂಡಿತ್ತು.

ಆ ರಾತ್ರಿ ಮರ್ಜ್‌ಸಾರ್ಟ್ ಬರೆದೆ. ಅಜ್ಜಂದಿರು ಮೇಲೆಯೇ ಉಳಿದರು.

ಆಮೇಲೆ ಪೇಪರ್‌ಗೆಂದು ಹೆಸರಿನ ಮೇಲೂ ಹೊಂದಿಸಿ ನೋಡಿದೆ. ಒಂದು ಸಲ ಹೊಂದಿಸಿದ ಫೈಲನ್ನೇ ಮರೆತು ಮತ್ತೆ ಕ್ವಿಕ್‌ಸಾರ್ಟ್‌ಗೆ ಕೊಟ್ಟೆ. ರಿಕರ್ಷನ್ ಎರರ್! ಪ್ರೋಗ್ರಾಂ ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುತ್ತಾ ತೀರಾ ಆಳಕ್ಕೆ ಹೋಗಿತ್ತು. ಲಕ್ಷ ರ‍್ಯಾಂಡಮ್ ಸಂಖ್ಯೆಗೆ ಕೆಮ್ಮದ ಪ್ರೋಗ್ರಾಂ 1,200 ಹೆಸರಿಗೆ ಮಲಗಿಬಿಟ್ಟಿತು. ನಾನು ಮೊದಲನೆಯ ಹೆಸರನ್ನೇ ಪಿವಟ್ (ಉಳಿದವರನ್ನು ಎರಡು ಪಕ್ಕಕ್ಕೆ ಹಂಚುವ ಹೆಸರು) ಮಾಡಿದ್ದೆ. ಮೊದಲೇ ಹೊಂದಿದ ಪಟ್ಟಿಯಲ್ಲಿ ಒಂದು ಪಕ್ಕ ಖಾಲಿ, ಇನ್ನೊಂದು ಪಕ್ಕದಲ್ಲಿ ಉಳಿದವರೆಲ್ಲ. ಪ್ರತಿ ಸಲ ಒಂದೇ ಹೆಸರು ಕಡಿಮೆಯಾಗುತ್ತದೆ. ಪೈಥಾನ್ ಸಾಮಾನ್ಯವಾಗಿ 1,000 ಹಂತಕ್ಕಿಂತ ಆಳಕ್ಕೆ ಬಿಡುವುದಿಲ್ಲ. ಮಿತಿ ಏರಿಸಿ ಎಣಿಸಿದೆ: 7,19,400 ಹೋಲಿಕೆ. ಮರ್ಜ್‌ಸಾರ್ಟ್‌ಗೆ ಹೆಚ್ಚೆಂದರೂ 12,000 ಸಾಕು. ಪಿವಟ್ಟನ್ನು ಎಲ್ಲಿಂದಾದರೂ ಎತ್ತು ಅಂದ ಮೇಲೆ ಸರಿಹೋಯಿತು.

ಇನ್ನೊಂದು ತಮಾಷೆ. ಪಟ್ಟಿಯಲ್ಲಿ ಕಲ್ಲಪ್ಪ, ಕಳಕಪ್ಪ, ಕವಿತಾ ಅಂತ ಬಂದಿತ್ತು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯಲ್ಲಿ, ಹ ಆದ ಮೇಲೆ ಅಲ್ವಾ? ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡ್ ಮಾತ್ರ ಅದನ್ನು ಲ ಪಕ್ಕದಲ್ಲಿ ಕೂರಿಸಿದೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚು ಇಟ್ಟುಕೊಂಡದ್ದರ ಫಲ. ಕಂಪ್ಯೂಟರ್ ಬರೀ ಆ ನಂಬರ್ ನೋಡುತ್ತದೆ. ಕಳಕಪ್ಪನವರನ್ನು ಕವಿತಾಳ ಕೆಳಗೆ ತರಲು ನಾನೇ ಬೇರೆ ಕ್ರಮ ಬರೆದುಕೊಟ್ಟೆ. ಹೋರ್ ಕೂಡ 1959ರಲ್ಲಿ ಮಾಸ್ಕೋದಲ್ಲಿ ಕ್ವಿಕ್‌ಸಾರ್ಟ್ ಯೋಚಿಸಿದ್ದು ರಷ್ಯನ್ ಪದಗಳನ್ನು ಡಿಕ್ಷನರಿಯ ಕ್ರಮಕ್ಕೆ ತರಲು ಹೋಗಿ ಅಂತ ಆಗ ಓದಿದೆ. ಯಾಕೋ ಆತ ಹತ್ತಿರದವನು ಅನ್ನಿಸಿತು.

ಪೇಪರ್‌ಗೆ 16 ಬಂತು. ಟೆಂಪ್ಲೇಟ್‌ನಲ್ಲಿ ಕನ್ನಡ ಅಕ್ಷರ ಬರೀ ಚೌಕ ಚೌಕ ಕಂಡವು. ಹಾಗಾಗಿ ಪಟ್ಟಿಯ ಫೋಟೋ ಅಂಟಿಸಿದ್ದೆ. ಅದು ಮಸುಕಾಗಿದೆ ಅಂತ ನಾಲ್ಕು ಮಾರ್ಕ್ಸ್ ಹೋಯಿತು.

ಮದುವೆ ಮುಗಿದ ಮೇಲೆ ಅಪ್ಪನ ಚೀಲದಲ್ಲಿ ನನ್ನ ಪ್ರಿಂಟ್ ಸಿಕ್ಕಿತು. ಮರೆತುಹೋಗಿದ್ದ ಏಳು ಹೆಸರನ್ನು ಪೆನ್ನಿನಲ್ಲಿ ಸೇರಿಸಿದ್ದರು. ಕೊನೆಯಲ್ಲಿ ಗೀಚಿರಲಿಲ್ಲ. ಆಯಾ ಊರಿನಲ್ಲಿ, ಯಾರ ಕೆಳಗೆ ಯಾರು ಬರಬೇಕೋ ಅಲ್ಲೇ, ಎರಡು ಸಾಲಿನ ನಡುವೆ ಬಾಣ ಹಾಕಿ. ಇನ್ಸರ್ಷನ್ ಸಾರ್ಟ್ ಬಗ್ಗೆ ನಾನು ಪೇಪರ್‌ನಲ್ಲಿ ಎರಡೇ ಸಾಲು ಬರೆದಿದ್ದೆ.